ಡುರಾಂಟಾ ಬೇಲಿಯ ಹಳದಿ ಹಸಿರಾಗುವುದೇಕೆ?

ನರ್ಸರಿಯಿಂದ ತಂದಾಗ ನಿಂಬೆಹಣ್ಣಿನ ಬಣ್ಣಕ್ಕಿದ್ದ ಗೋಲ್ಡನ್ ಡುರಾಂಟಾ ಕೆಲವೇ ತಿಂಗಳಲ್ಲಿ ಮಾಮೂಲಿ ಹಸಿರು ಪೊದೆಯಾಯಿತು ಎಂಬ ದೂರು ಬಹಳ ಸಾಮಾನ್ಯ. ಆಗ ಹೆಚ್ಚಿನವರು ಮೊದಲು ಮಾಡುವುದು ಯೂರಿಯಾ ಸುರಿಯುವ ಕೆಲಸ. ಅದರಿಂದ ಹಸಿರು ಇನ್ನಷ್ಟು ಗಾಢವಾಗುತ್ತದೆ. ಈ ಗಿಡದ ಬಣ್ಣ ಉಳಿಸುವುದು ಬಿಸಿಲು ಮತ್ತು ಕತ್ತರಿ.

ನೆರಳಿಗೆ ಸಿಕ್ಕ ಎಲೆ, ಇರುವ ಅಲ್ಪ ಬೆಳಕನ್ನೇ ಹಿಡಿಯಲು ಪತ್ರಹರಿತ್ತನ್ನು ಹೆಚ್ಚಿಸಿಕೊಳ್ಳುತ್ತದೆ. ಹಳದಿ ಅದರಡಿ ಮುಚ್ಚಿಹೋಗುತ್ತದೆ. ಹಾಗಾಗಿ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳುವ ಜಾಗವೇ ಬೇಕು. ಎರಡು ಮನೆಗಳ ಗೋಡೆಗಳ ನಡುವಿನ ಇಕ್ಕಟ್ಟಿನಲ್ಲಿ ನೆಡುವುದಾದರೆ ಡುರಾಂಟಾದ ಆಸೆ ಬಿಟ್ಟು ಬೇರೆ ಗಿಡ ನೋಡುವುದೇ ಒಳ್ಳೆಯದು.

ನಾಟಿಗೆ ಮುಂಗಾರಿನ ಆರಂಭ ಸರಿಯಾದ ಕಾಲ. ಒಂದಡಿ ಅಗಲ, ಒಂದಡಿ ಆಳದ ಕಾಲುವೆ ತೋಡಿ. ಎರಡು ಪಾಲು ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಬೆರೆಸಿ ತುಂಬಿ. ಗಿಡಕ್ಕೊಂದು ಹಿಡಿ ಬೇವಿನ ಹಿಂಡಿ ಸಾಕು. ಗಿಡದಿಂದ ಗಿಡಕ್ಕೆ ಒಂದಡಿ, ಅಂದರೆ 20 ಅಡಿ ಬೇಲಿಗೆ 21 ಗಿಡ. ಕಾಂಪೌಂಡ್ ಗೋಡೆಯಿಂದ ಒಂದೂವರೆ ಅಡಿ ಬಿಡದಿದ್ದರೆ ಹಿಂಬದಿಗೆ ಕತ್ತರಿ ಹೋಗುವುದಿಲ್ಲ. ಕೆಂಪು ಮಣ್ಣಿನಲ್ಲಿ ತೊಂದರೆಯಿಲ್ಲ. ಎರೆಮಣ್ಣಿನಲ್ಲಿ ಮಾತ್ರ ಅರ್ಧ ಅಡಿ ಏರು ಮಾಡಿ ನೆಡಿ; ನೀರು ನಿಂತರೆ ಬೇರು ಕೊಳೆಯುತ್ತದೆ.

ಗಿಡ ಬೇರು ಹಿಡಿದೊಡನೆ ತುದಿ ಚಿವುಟಬೇಕು. ಬೇಗ ಎತ್ತರವಾಗಲಿ ಎಂದು ಬಿಟ್ಟ ಬೇಲಿಯ ಬುಡ ಬೋಳಾಗಿಯೇ ಉಳಿಯುತ್ತದೆ. ಚಿಗುರು ಆರು ಇಂಚು ಬೆಳೆದಾಗಲೆಲ್ಲ ಮೂರು ಇಂಚು ತೆಗೆಯುತ್ತ ಬನ್ನಿ. ಬೇಕಾದ ಎತ್ತರ ಬಂದ ಮೇಲೆ ಮಳೆಗಾಲದಲ್ಲಿ ಮೂರು ನಾಲ್ಕು ವಾರಕ್ಕೊಮ್ಮೆ, ಚಳಿಗಾಲದಲ್ಲಿ ಇನ್ನೂ ತಡವಾಗಿ ಸವರಿದರೆ ಸಾಕು. ಹೊಸ ಚಿಗುರೇ ಅತಿ ಹಳದಿ, ಆದ್ದರಿಂದ ಪ್ರತಿ ಸವರುವಿಕೆಯೂ ಬಣ್ಣವನ್ನು ಮರಳಿ ತರುತ್ತದೆ. ಆಕಾರದಲ್ಲಿ ಬುಡ ಅಗಲ, ತಲೆ ಕಿರಿದು ಇರಲಿ: ಬುಡ 18 ಇಂಚಾದರೆ ತಲೆ 14. ತಲೆ ಅಗಲವಾದರೆ ಕೆಳಗಿನ ಎಲೆಗಳಿಗೆ ಬಿಸಿಲು ತಪ್ಪಿ ಉದುರುತ್ತವೆ. ನಮ್ಮ ರಸ್ತೆ ವಿಭಜಕಗಳ ಬೇಲಿಗಳಲ್ಲಿ ಈ ತಪ್ಪು ಎದ್ದು ಕಾಣುತ್ತದೆ.

ನಡುವೆ ಪೂರ್ತಿ ಹಸಿರಾದ ಒಂದೆರಡು ರೆಂಬೆ ದಪ್ಪಗೆ, ವೇಗವಾಗಿ ಎದ್ದರೆ ತುದಿ ಕತ್ತರಿಸಿ ಬಿಡಬೇಡಿ, ಹುಟ್ಟಿದಲ್ಲಿಂದಲೇ ತೆಗೆಯಿರಿ. ಪತ್ರಹರಿತ್ತು ಹೆಚ್ಚಿರುವುದರಿಂದ ಅವು ಹಳದಿ ರೆಂಬೆಗಳನ್ನು ಹಿಂದಿಕ್ಕುತ್ತವೆ.

ಮಾರ್ಚ್, ಏಪ್ರಿಲ್‌ನಲ್ಲಿ ಆಳವಾಗಿ ಕತ್ತರಿಸಬಾರದು. ಒಳಗೆ ನೆರಳಲ್ಲಿದ್ದ ಎಲೆಗಳು ಒಮ್ಮೆಲೇ ಬಿಸಿಲಿಗೆ ಬಿದ್ದು ಸುಡುತ್ತವೆ. ಕಲಬುರಗಿ, ರಾಯಚೂರಿನ ಕಡೆ ಇದು ಇನ್ನೂ ಜೋರು.

ಎಲೆ ಹಳದಿಯಿಂದ ಬಿಳುಪಿಗೆ ತಿರುಗಿ, ಎಳೆ ಎಲೆಯಲ್ಲಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಗಡಸು ಬೋರ್‌ವೆಲ್ ನೀರು ಹಾಯಿಸುವಲ್ಲಿ, ಕಟ್ಟಡದ ಸುಣ್ಣ ಸಿಮೆಂಟು ಬೆರೆತ ಮಣ್ಣಿನಲ್ಲಿ ಹೀಗಾಗುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಗೋಡೆ, ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ.

ಬಿಳಿ ನೊಣ, ಹಿಟ್ಟು ತಿಗಣೆ ಬರುವುದು ಗಾಳಿಯಾಡದ ದಟ್ಟ ಬೇಲಿಗೆ. ಅವು ಸುರಿಸುವ ಅಂಟಿನ ಮೇಲೆ ಮಸಿಯಂಥ ಬೂಷ್ಟು ಬೆಳೆಯುತ್ತದೆ. ಲೀಟರ್‌ಗೆ 5 ಮಿ.ಲೀ. ಬೇವಿನೆಣ್ಣೆ, ಬೆರೆಯಲು ಒಂದಿಷ್ಟು ಸೋಪಿನ ನೀರು ಸೇರಿಸಿ ಎಲೆಯ ಅಡಿಭಾಗಕ್ಕೆ ಹೊಡೆಯಿರಿ.

ಬುಡ ಬೋಳಾದ ಹಳೆಯ ಬೇಲಿಯನ್ನು ಕಿತ್ತೆಸೆಯಬೇಕಿಲ್ಲ. ಜೂನ್‌ನಲ್ಲಿ ನೆಲದಿಂದ ಒಂದಡಿಗೆ ಕತ್ತರಿಸಿ, ಗೊಬ್ಬರ ಕೊಟ್ಟು ಮಣ್ಣೇರಿಸಿದರೆ ಮತ್ತೆ ಚಿಗುರುತ್ತದೆ. ಕತ್ತರಿಸಿದ್ದರಲ್ಲಿ ಪೂರ್ತಿ ಎಳೆಯದೂ ಅಲ್ಲದ, ಬಲಿತು ಗಟ್ಟಿಯಾದದ್ದೂ ಅಲ್ಲದ ನಾಲ್ಕೈದು ಇಂಚಿನ ಕಡ್ಡಿಗಳನ್ನು ಆರಿಸಿ, ಕೆಳಗಿನ ಎಲೆ ತೆಗೆದು, ಎರಡು ಗಿಣ್ಣು ಒಳಗೆ ಹೋಗುವಂತೆ ಮರಳು ಮತ್ತು ಕೋಕೋಪೀಟ್‌ನ (ತೆಂಗಿನ ನಾರಿನ ಪುಡಿ) ಸಮಪಾಲು ಮಿಶ್ರಣದಲ್ಲಿ ಊರಿ ನೆರಳಿನಲ್ಲಿಡಿ. ನಾಲ್ಕರಿಂದ ಆರು ವಾರದಲ್ಲಿ ಬೇರು ಬರುತ್ತದೆ. ಬಂತೇ ಎಂದು ಎಳೆದು ನೋಡಿದರೆ ಬಂದದ್ದೂ ಹರಿಯುತ್ತದೆ.

ಸವರದೆ ಬಿಟ್ಟ ಗಿಡದಲ್ಲಿ ನೇರಳೆ ಹೂವು, ಆಮೇಲೆ ಕಿತ್ತಳೆ ಹಳದಿ ಕಾಯಿಗೊಂಚಲು ಬರುತ್ತವೆ. ಆ ಕಾಯಿ ಮಕ್ಕಳಿಗೂ ನಾಯಿ ಬೆಕ್ಕುಗಳಿಗೂ ವಿಷ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಹೂವಿನ ಹಂತದಲ್ಲೇ ಕತ್ತರಿಸಿ.