ಹೆಸರು ಹೊಡೆದು ಹಾಕಿದ ಪುಟ

ಬಳ್ಳಾರಿಯಲ್ಲಿ ನಮ್ಮ ಕ್ರೈಸ್ತ ಸಭೆಗಳ ಮಾಸಪತ್ರಿಕೆಯೊಂದಿದೆ. ವರದಿ ಬರೆಯೋದು, ಫೋಟೊ ತೆಗೆಯೋದು, ಪ್ರೂಫ್ ನೋಡೋದು, ಕಡೆಗೆ ವಿಳಾಸದ ಚೀಟಿ ಅಂಟಿಸಿ ಅಂಚೆಗೆ ಹಾಕೋದು, ಎಲ್ಲಾ ನನ್ನ ಕೆಲಸ. ಹನ್ನೊಂದು ವರ್ಷದಿಂದ ಒಂದು ನಿಯಮ ಹಿಡಿದುಕೊಂಡು ಬಂದಿದ್ದೆ: ಯಾರು, ಯಾವ ಊರು, ಎಷ್ಟು ವಯಸ್ಸು ಅಂತ ಇಲ್ಲದ ವರದಿ ಅಚ್ಚಿಗೆ ಹೋಗಬಾರದು. ಹಾಗೆ ಬಂದದ್ದನ್ನು ಎಷ್ಟೋ ಸಲ ವಾಪಸ್ ಕಳಿಸಿದ್ದೇನೆ.

2025ರ ನವೆಂಬರ್‌ನಲ್ಲಿ ನಾಲ್ಕು ಜನ ಥಾಯ್ಲೆಂಡಿನ ಮೇ ಸೋಟ್‌ಗೆ ಹೋದೆವು. ಮ್ಯಾನ್ಮಾರ್ ಗಡಿಯ ಪಟ್ಟಣ, ನಡುವೆ ಮೋಯಿ ಹೊಳೆ. ಹಿಂಸೆಗೆ ಸಿಕ್ಕಿ ಓಡಿಬಂದ ಕ್ರೈಸ್ತರನ್ನೂ ಅವರ ಸೇವೆಯಲ್ಲಿ ಇರುವವರನ್ನೂ ಕಂಡು, ಅವರ ಜೊತೆ ಪ್ರಾರ್ಥನೆ ಮಾಡಿ ಬರಬೇಕು ಅನ್ನೋದು ನಮ್ಮ ಉದ್ದೇಶ. ಬರೆದುಕೊಂಡು ಬರೋದು ನನ್ನ ಪಾಲಿನ ಕೆಲಸ.

ನಾನು ಬೆಳೆದದ್ದು ಸಿಂಧನೂರು ಕಡೆ. ಅಲ್ಲಿ ಕ್ಯಾಂಪ್ ಅಂದರೆ ಊರು. ತುಂಗಭದ್ರಾ ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಭತ್ತ ಹಚ್ಚಿದವರ ಕ್ಯಾಂಪುಗಳಿವೆ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಜಮೀನು ಕೊಟ್ಟು ನೆಲೆ ಮಾಡಿಸಿದ ಆರ್‌.ಎಚ್‌. ಕ್ಯಾಂಪುಗಳಿವೆ. ಹೀಗಾಗಿ ಮೇ ಸೋಟ್ ಕಡೆಯ ನಿರಾಶ್ರಿತರ ಶಿಬಿರವನ್ನು ಮೇ ಲಾ ಕ್ಯಾಂಪ್ ಅಂದಾಗ ನನ್ನ ಕಣ್ಣ ಮುಂದೆ ಬಂದದ್ದು ಗದ್ದೆ, ಟ್ರಾಕ್ಟರ್, ಸಂತೆ. ಒಳಗೆ ಹೋಗಲು ನಮಗೆ ಪಾಸ್ ಸಿಗಲಿಲ್ಲ, ರಸ್ತೆಯಿಂದಲೇ ನೋಡಿದೆವು. ಕಡಿದಾದ ಸುಣ್ಣಕಲ್ಲಿನ ಬೆಟ್ಟ, ಅದರ ಬುಡಕ್ಕೆ ಒತ್ತೊತ್ತಾಗಿ ಬಿದಿರಿನ ಗುಡಿಸಲು, ಮುಂದೆ ಮುಳ್ಳುತಂತಿ. 1984ರಿಂದ ಇದೆ, ಗಡಿಯ ಒಂಬತ್ತು ಶಿಬಿರಗಳಲ್ಲಿ ದೊಡ್ಡದು. ನಲವತ್ತು ವರ್ಷವಾದರೂ ಬಿದಿರು, ಎಲೆಯ ಹೊದಿಕೆಯೇ, ಏಕೆಂದರೆ ಗಟ್ಟಿ ಮನೆ ಕಟ್ಟಲು ಅನುಮತಿ ಇರಲಿಲ್ಲ. ಹೊರಗೆ ದುಡಿಯಲು ಥಾಯ್ ಸರ್ಕಾರ ಒಪ್ಪಿದ್ದೇ 2025ರ ಆಗಸ್ಟ್‌ನಲ್ಲಿ. ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ದುಡ್ಡು ನಿಂತು ಶಿಬಿರಗಳ ಆಸ್ಪತ್ರೆಗಳು ಬಾಗಿಲು ಹಾಕಿದ್ದವು.

ನಮಗೆ ದಾರಿ ತೋರಿಸಿದವರು ಮ್ಯಾನ್ಮಾರಿನ ಕರೆನ್ ಜನಾಂಗದ ಒಬ್ಬ ಮಹಿಳೆ. ಎಲ್ಲರೂ ಅವರನ್ನು ಥ್ರಾಮು ಅಂತಿದ್ದರು, ನಮ್ಮ ಕಡೆ ಅಕ್ಕೋರು ಅಂದಹಾಗೆ. ಓಡಿಬಂದವರ ಮಕ್ಕಳಿಗೆ ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ ಪಾಠ ಹೇಳುತ್ತಾರೆ, ಭಾನುವಾರ ಅಲ್ಲೇ ಆರಾಧನೆ. ಮೊದಲ ದಿನ ಮೇ ತಾವ್ ಚಿಕಿತ್ಸಾಲಯಕ್ಕೆ ಕರೆದೊಯ್ದರು. 1988ರಲ್ಲಿ ಕಾಡು ದಾಟಿ ಬಂದ ಕರೆನ್ ವೈದ್ಯೆ ಡಾ. ಸಿಂಥಿಯಾ ಮಾಂಗ್ 1989ರಲ್ಲಿ ಶುರು ಮಾಡಿದ್ದು. ಮೊದಮೊದಲು ಅನ್ನ ಮಾಡುವ ಕುಕ್ಕರ್‌ನಲ್ಲೇ ಉಪಕರಣ ಕುದಿಸಿ ಶುದ್ಧ ಮಾಡುತ್ತಿದ್ದರಂತೆ. 2002ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಸಂಜೆ ಊಟಕ್ಕೆ ಕೂತಾಗ ನಿಮ್ಮೂರಿಗೆ ಸುವಾರ್ತೆ ಯಾವಾಗ ಬಂತು ಅಂತ ಥ್ರಾಮು ಕೇಳಿದರು. ಕನ್ನಡ ಬೈಬಲ್ ಅನುವಾದಕ್ಕೆ ಕೈಹಾಕಿದ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ ಅಂದೆ. ಮಿಷನರಿ ಅಡೋನಿರಾಮ್ ಜಡ್ಸನ್ ಬರ್ಮಾಕ್ಕೆ, ಅಂದರೆ ಈಗಿನ ಮ್ಯಾನ್ಮಾರಿಗೆ, ಬಂದದ್ದು 1813ರಲ್ಲಿ ಅಂದರು. ಮೂರೇ ವರ್ಷದ ಅಂತರ. ಬಳ್ಳಾರಿಯಲ್ಲಿ ನಾವು ಪ್ರತಿ ಭಾನುವಾರ ಗಂಟೆ ಬಾರಿಸಿ ಗುಡಿಗೆ ಹೋಗುತ್ತೇವೆ. ಅವರ ದೇಶದ ಥಂತ್ಲಾಂಗ್ ಪಟ್ಟಣದಲ್ಲಿ 2021ರಲ್ಲಿ ಮನೆಗಳಿಗೆ ಬಿದ್ದ ಬೆಂಕಿ ಆರಿಸಲು ಹೋದ ಬ್ಯಾಪ್ಟಿಸ್ಟ್ ಪಾಸ್ಟರ್ ಗುಂಡಿಗೆ ಬಲಿಯಾದರು. 2023ರಲ್ಲಿ ಲೋಯ್ಕಾ ಪಟ್ಟಣದ ಕ್ಯಾಥೆಡ್ರಲ್ ಆವರಣದಲ್ಲಿ ಸೇನೆ ಬೀಡುಬಿಟ್ಟಿತು. ಹಾಗಂತ ಕ್ರೈಸ್ತರ ಕಷ್ಟ ಅಂತಷ್ಟೇ ಬರೆಯಬೇಡಿ ಅಂತಲೂ ಥ್ರಾಮು ಹೇಳಿದರು. ಸರ್ಕಾರದ ವಿರುದ್ಧ ಕರೆನ್ನರ ಯುದ್ಧ 1949ರಿಂದ ನಡೆದಿದೆ, ಅವರಲ್ಲಿ ಬೌದ್ಧರೂ ಇದ್ದಾರೆ, ಮೇ ಲಾದಲ್ಲಿ ಮಸೀದಿಯೂ ಇದೆ. ಆ ಮಾತು ಸರಿ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ತಪ್ಪು ಮಾಡಿದ್ದು ಮಾರನೇ ದಿನ. ಆರಾಧನೆಯಲ್ಲಿ ಒಬ್ಬ ಹುಡುಗ ಗಿಟಾರ್ ನುಡಿಸಿದ. 2024ರ ಫೆಬ್ರವರಿಯಲ್ಲಿ ಮ್ಯಾನ್ಮಾರಿನ ಸೇನೆ ಕಡ್ಡಾಯ ಭರ್ತಿ ಕಾನೂನು ಜಾರಿಗೆ ತಂದಾಗ, 18ರಿಂದ 35ರ ಗಂಡಸರನ್ನು ಎಳೆದೊಯ್ಯುತ್ತಾರೆ ಅಂತ ಹೊಳೆ ದಾಟಿ ಬಂದವನು. ಕಾಗದಪತ್ರ ಏನೂ ಇಲ್ಲ. ತಾಯಿ ಊರಲ್ಲೇ ಇದ್ದಾಳೆ. ನಾನು ಹೆಸರು, ಹಳ್ಳಿ, ವಯಸ್ಸು ಬರೆದುಕೊಂಡೆ, ಫೋಟೊ ತೆಗೆದೆ. ರಾತ್ರಿ ಬಳ್ಳಾರಿಯ ನಮ್ಮ ವಾಟ್ಸಾಪ್ ಗುಂಪಿಗೆ ಎರಡನ್ನೂ ಹಾಕಿ, ಈ ತಮ್ಮನಿಗಾಗಿ ಪ್ರಾರ್ಥಿಸಿರಿ ಅಂತ ಬರೆದೆ. ಪ್ರೀತಿಯಿಂದಲೇ ಹಾಕಿದ್ದು. ಬೆಳಿಗ್ಗೆ ಏಳುವಷ್ಟರಲ್ಲಿ ಯಾರೋ ಅದನ್ನು ಫೇಸ್‌ಬುಕ್‌ಗೆ ಏರಿಸಿದ್ದರು.

ನಾನೇ ಹೋಗಿ ಥ್ರಾಮು ಅವರಿಗೆ ಹೇಳಿದೆ. ಅವರು ಬೈಯಲಿಲ್ಲ. ಫೋಟೊ ಥಾಯ್ ಪೊಲೀಸರ ಕಣ್ಣಿಗೆ ಬಿದ್ದರೆ ಅವನನ್ನು ವಾಪಸ್ ಕಳಿಸಬಹುದು, ಊರಲ್ಲಿ ಯಾರಾದರೂ ಗುರುತು ಹಿಡಿದರೆ ತಾಯಿಯ ಬಾಗಿಲಿಗೆ ಸೈನಿಕರು ಬರಬಹುದು, ಅಷ್ಟು ಹೇಳಿದರು. ಆಮೇಲೆ ನನ್ನ ನೋಟ್‌ಬುಕ್ ಈಸಿಕೊಂಡು, ನನ್ನದೇ ಪೆನ್ನಿನಿಂದ ಒಂದೊಂದೇ ಹೆಸರನ್ನು ಹೊಡೆದು ಹಾಕುತ್ತಾ ಹೋದರು. ಬರೀ ಗೆರೆ ಎಳೆದು ಬಿಡಲಿಲ್ಲ, ಅಕ್ಷರ ಕಾಣದ ಹಾಗೆ ತಿಕ್ಕಿದರು. ಹುಡುಗನ ಹಳ್ಳಿಯ ಹೆಸರಿದ್ದ ಕಡೆ ಹಾಳೆ ಹರಿಯಿತು. ಅವರ ಹಾಜರಿ ಪುಸ್ತಕದಲ್ಲೂ ಮಕ್ಕಳ ನಿಜ ಹೆಸರಿಲ್ಲ ಅಂತ ತೆಗೆದು ತೋರಿಸಿದರು.

ಉಳಿದ ದಿನಗಳೆಲ್ಲ ಫೋನಿನಲ್ಲೇ ಕಳೆದವು. ಗುಂಪಿನಲ್ಲಿ ಅಳಿಸಿದೆ, ಮುಂದಕ್ಕೆ ಕಳಿಸಿದವರನ್ನು ಹುಡುಕಿ ಹುಡುಕಿ ಅಳಿಸಲು ಬೇಡಿಕೊಂಡೆ. ಒಬ್ಬರು, “ಒಳ್ಳೇ ಕೆಲಸಕ್ಕ ಹಾಕೀವಿ, ಯಾಕ ತೆಗೀಬೇಕ್ರಿ?” ಅಂದರು. ಅವರ ಮೇಲೆ ಸಿಟ್ಟು ಬರಲಿಲ್ಲ, ಹಿಂದಿನ ರಾತ್ರಿ ನನ್ನ ತಲೆಯಲ್ಲಿದ್ದದ್ದೂ ಅದೇ. ಹುಡುಗ ಕೋಣೆ ಬದಲಿಸಿದ. ನಾವು ಹೊರಡುವ ದಿನ ಬಂದು ಕೈಹಿಡಿದು ಬೀಳ್ಕೊಟ್ಟ. ಕ್ಷಮಿಸು ಅಂದೆ. ಥ್ರಾಮು ಅದನ್ನು ಅವನ ಭಾಷೆಗೆ ತಿರುಗಿಸಿದಾಗ ಅವನು ತಲೆಯಾಡಿಸಿದ, ಮಾತಾಡಲಿಲ್ಲ.

ಈಗ ನಮ್ಮ ಪತ್ರಿಕೆಗೆ ಇಂಥ ಭೇಟಿಯ ವರದಿ ಯಾರು ತಂದರೂ ಮೊದಲು ಕೇಳುವುದು, ಇದನ್ನು ಅಚ್ಚು ಹಾಕಲು ಆ ಮನುಷ್ಯ ಒಪ್ಪಿದ್ದಾನಾ, ಎಲ್ಲೆಲ್ಲಿ ಹೋಗುತ್ತದೆ ಅಂತ ಅವನಿಗೆ ಗೊತ್ತಾ ಅಂತ. ನಮ್ಮ ದೇಶದಲ್ಲೇ ಆದ ಘಟನೆಗೂ ಅದೇ ಪ್ರಶ್ನೆ. ಮೇ ಸೋಟ್ ವರದಿಯನ್ನು ಮೊದಲು ಥ್ರಾಮು ಅವರಿಗೆ ಸಾಲು ಸಾಲಾಗಿ ಫೋನಿನಲ್ಲಿ ಓದಿ ಹೇಳಿದೆ. ಅವರು ಇನ್ನೂ ಎರಡು ಸಾಲು ತೆಗೆಸಿದರು.

ಸಂಚಿಕೆ ಬಂದ ಭಾನುವಾರ ಗುಡಿಯ ಬಾಗಿಲಲ್ಲಿ ನಮ್ಮ ಸಭೆಯ ಹಿರಿಯ ತಾಯಿಯೊಬ್ಬರು ತಡೆದು ನಿಲ್ಲಿಸಿದರು.

“ಆ ಹುಡುಗನ ಹೆಸರೇ ಹಾಕಿಲ್ಲಲ್ಲೋ ತಮ್ಮಾ, ಪ್ರಾರ್ಥನಿ ಮಾಡಾಕ ಬೇಕಲ್ಲ?”

“ಹೇಳೂ ಹಂಗಿಲ್ಲಬೇ.”

“ಆತು ಬಿಡು. ಅವ್ವ ಊರಾಗ ಅದಾಳ ಅಂತ ಬರದೀಯಲ್ಲ, ಆಕಿಗೂ ಸೇರ್ಸಿ ಮಾಡ್ತೀನಿ.”