ವೊಲಟೈಲ್ ಹಾಕಿ ಮುಚ್ಚಿದ ತಪ್ಪು

ಲಿನಕ್ಸ್ ಕರ್ನಲ್‌ಗೆ ಡ್ರೈವರ್ ಬರೆಯುವುದು ನನ್ನ ಕೆಲಸ. ಒಮ್ಮೆ ಬಂದ ದೂರು ಯಂತ್ರ ನಿಂತುಹೋಗುತ್ತದೆ ಎಂದಲ್ಲ, ನಿಧಾನವಾಗಿದೆ ಎಂದು. ಇಂಟೆಲ್ ಯಂತ್ರದಲ್ಲಿ ಅದೇ ಕೋಡ್ ಸರಾಗ. 32 ಬಿಟ್‌ನ ಎಆರ್‌ಎಂ ಬೋರ್ಡಿನಲ್ಲಿ ಮಾತ್ರ ಸೆನ್ಸರಿನ ದತ್ತಾಂಶ ತೆವಳುತ್ತಿತ್ತು. ಇಂಟರಪ್ಟ್, ಡಿಎಂಎ (ಮೆಮೊರಿಗೆ ನೇರ ವರ್ಗಾವಣೆ) ಎಂದು ಎರಡು ದಿನ ಊರೆಲ್ಲ ಸುತ್ತಿದೆ.

ಮೂರನೆಯ ದಿನ, ಕರ್ನಲ್ ತನ್ನ ಸ್ಥಿತಿಯನ್ನು ತೋರಿಸುವ ಪ್ರಾಕ್ ಅಡಿಯ ಅಲೈನ್‌ಮೆಂಟ್ ಕಡತವನ್ನು ತೆರೆದೆ. ತಪ್ಪು ಗಡಿಯಲ್ಲಿ, ಅಂದರೆ ದತ್ತಾಂಶದ ಅಳತೆಯಿಂದ ಭಾಗವಾಗದ ವಿಳಾಸದಲ್ಲಿ, ನಡೆದ ಓದುಗಳನ್ನು ಕರ್ನಲ್ ಎಷ್ಟು ಸಲ ತಾನೇ ಸರಿಮಾಡಿದೆ ಎಂಬ ಎಣಿಕೆ ಅಲ್ಲಿರುತ್ತದೆ. ‘ಸಿಸ್ಟಮ್’ ಸಾಲಿನ ಸಂಖ್ಯೆ ನೋಡಿದಾಗಲೆಲ್ಲ ಏರುತ್ತಿತ್ತು. ಪಕ್ಕದ ಆವರಣದಲ್ಲಿದ್ದದ್ದು ನಾನೇ ಬರೆದ ಫಂಕ್ಷನ್ನಿನ ಹೆಸರು!

ಬಫರಿನ ಮೊದಲ 6 ಬೈಟ್ ಹೆಡರ್, ಅದರ ಬೆನ್ನಿಗೇ 32 ಬಿಟ್‌ನ ಎರಡು ಸಂಖ್ಯೆಗಳು: ಸಮಯ ಮತ್ತು ಕ್ರಮಸಂಖ್ಯೆ. ಆ ಜಾಗದ ವಿಳಾಸವನ್ನು ಸ್ಟ್ರಕ್ಟ್ ಪಾಯಿಂಟರಿಗೆ ಕಾಸ್ಟ್ ಮಾಡಿ, ಅಂದರೆ ಅಲ್ಲಿರುವುದು ಈ ಬಗೆಯ ದತ್ತಾಂಶ ಎಂದು ಘೋಷಿಸಿ, ಓದಿದ್ದೆ. ಬಫರಿನ ವಿಳಾಸ 4ರಿಂದ ಭಾಗವಾದರೂ 6 ಕೂಡಿಸಿದ ಮೇಲೆ ಭಾಗವಾಗುವುದಿಲ್ಲ. ಎಆರ್‌ಎಂವಿ7 ಪ್ರೊಸೆಸರ್ ಇದನ್ನೆಲ್ಲ ಸಹಿಸುತ್ತದೆ ಎಂಬ ಧೈರ್ಯ ನನಗೆ. ಒಂದೊಂದಾಗಿ ಓದುವ ಆದೇಶವಾದ ಎಲ್‌ಡಿಆರ್ ಸಹಿಸುತ್ತದೆ, ನಿಜ. ಆದರೆ ಕಂಪೈಲರ್ ಅಕ್ಕಪಕ್ಕದ ಎರಡು ಓದುಗಳನ್ನು ಸೇರಿಸಿ ಎಲ್‌ಡಿಆರ್‌ಡಿ ಮಾಡಿತ್ತು, ಅದು ಸಹಿಸುವುದಿಲ್ಲ. ಪ್ರತಿ ಪ್ಯಾಕೆಟ್ಟಿಗೂ ಒಂದು ಟ್ರ್ಯಾಪ್ (ಪ್ರೊಸೆಸರ್ ಕೆಲಸ ನಿಲ್ಲಿಸಿ ಕರ್ನಲ್ಲನ್ನು ಕರೆಯುವುದು), ಆಮೇಲೆ ಕರ್ನಲ್ಲಿನ ರಿಪೇರಿ.

ಪ್ರತಿ ಓದನ್ನೂ ಬರೆದಂತೆಯೇ ಮಾಡು ಎಂದು ಕಂಪೈಲರಿಗೆ ಹೇಳುವ ವೊಲಟೈಲ್ ಪದವನ್ನು ಪಾಯಿಂಟರಿಗೆ ಸೇರಿಸಿದೆ. ಓದುಗಳು ಬೇರೆಯಾದವು, ಎಣಿಕೆ ನಿಂತಿತು, ವೇಗ ಬಂತು. ಖುಷಿಯಿಂದಲೇ ಪ್ಯಾಚ್ ಕಳಿಸಿದೆ.

ನಮ್ಮ ತಂಡದ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: “ಕಾಸ್ಟ್ ಇನ್ನೂ ಅಲ್ಲೇ ಇದೆಯಲ್ಲ, ಯಾಕೆ ಉಳಿಸಿದಿರಿ?” ಪ್ರೊಸೆಸರ್ ಏನನ್ನು ಸಹಿಸುತ್ತದೆ ಎಂಬುದು ಇಲ್ಲಿ ಮುಖ್ಯವಲ್ಲ ಎಂದರು. ಗಡಿ ತಪ್ಪಿದ ವಿಳಾಸವನ್ನು ಆ ಬಗೆಯ ಪಾಯಿಂಟರಾಗಿ ಬದಲಿಸುವುದೇ ಸಿ ಭಾಷೆಯಲ್ಲಿ ಅನಿರ್ಧಾರಿತ ವರ್ತನೆ (ಏನಾಗಬೇಕೆಂದು ಭಾಷೆ ಹೇಳದ ಸ್ಥಿತಿ), ಓದುವವರೆಗೂ ಹೋಗಬೇಕಿಲ್ಲ. ಕಾಸ್ಟ್ ಬರೆದಾಗ ‘ಇದು ಸರಿಯಾದ ಗಡಿಯಲ್ಲಿದೆ’ ಎಂದು ಕಂಪೈಲರಿಗೆ ಮಾತು ಕೊಟ್ಟವನು ನಾನು. ಅದು ನಂಬಿತು. 2009ರ, ಟನ್ ಎಂಬ ಲಿನಕ್ಸ್ ನೆಟ್‌ವರ್ಕ್ ಡ್ರೈವರಿನ ಕಥೆಯನ್ನೂ ನೆನಪಿಸಿದರು: ಪಾಯಿಂಟರಿನ ಒಳಗನ್ನು ಮೊದಲು ಓದಿ, ಆಮೇಲೆ ಅದು ನಲ್ (ಎಲ್ಲಿಗೂ ತೋರಿಸದ್ದು) ಹೌದೇ ಎಂದು ಪರೀಕ್ಷಿಸಿದ್ದರು. ಓದಿಯಾಗಿದೆ ಎಂದರೆ ನಲ್ ಆಗಿರಲಾರದು ಎಂದು ಜಿಸಿಸಿ ಕಂಪೈಲರ್ ಪರೀಕ್ಷೆಯನ್ನೇ ಅಳಿಸಿತು, ಭದ್ರತಾ ದೋಷ ತೆರೆದುಕೊಂಡಿತು. ಅಂಥ ಪರೀಕ್ಷೆಗಳನ್ನು ಅಳಿಸಬೇಡ ಎಂದು ಕರ್ನಲ್ ಬಿಲ್ಡ್ ಈಗ ಕಂಪೈಲರಿಗೆ ಪ್ರತ್ಯೇಕವಾಗಿ ಹೇಳುತ್ತದೆ. ನನ್ನ ಕಾಸ್ಟಿಗೆ ಅಂಥ ರಕ್ಷಣೆ ಇಲ್ಲ.

ಕಾಸ್ಟನ್ನೂ ವೊಲಟೈಲನ್ನೂ ತೆಗೆದುಹಾಕಿ, ಎರಡೂ ಸಂಖ್ಯೆಗಳನ್ನು, ಗಡಿ ತಪ್ಪಿದ ವಿಳಾಸದಿಂದಲೂ ಸುರಕ್ಷಿತವಾಗಿ ಓದುವ ಕರ್ನಲ್ ಫಂಕ್ಷನ್ ಆದ ಗೆಟ್_ಅನ್‌ಅಲೈನ್ಡ್_ಎಲ್‌ಇ32 ಮೂಲಕ ಓದಿದೆ. ಇದು ನಿಧಾನವಾಗಬಹುದೆಂಬ ಅಳುಕಿತ್ತು. ಡಿಸ್‌ಅಸೆಂಬ್ಲಿ (ಕಂಪೈಲರ್ ಕೊಟ್ಟ ಯಂತ್ರಾದೇಶಗಳ ಪಟ್ಟಿ) ತೆಗೆದು ನೋಡಿದರೆ ಎರಡು ಸಾದಾ ಎಲ್‌ಡಿಆರ್, ಅಷ್ಟೇ. ಸಂಜೆ ಡ್ರೈವರಿನಲ್ಲಿದ್ದ ಉಳಿದ ಕಾಸ್ಟ್‌ಗಳನ್ನು ಹುಡುಕಿದೆ. ಇನ್ನೂ ಮೂರು ಸಿಕ್ಕವು, ಮೂರೂ ನನ್ನವೇ.