ಒಂಬತ್ತನೇ ಕ್ಲಾಸಿನ ತಡವರಿಕೆಗೆ ರೇಷ್ಮೆ ಹುಳದ ಪಾಠ

ಶಿಡ್ಲಘಟ್ಟ, ಚಿಂತಾಮಣಿ, ಮುಳಬಾಗಿಲು ಕಡೆಯ ಹೈಸ್ಕೂಲುಗಳಲ್ಲಿ ಒಂಬತ್ತನೇ ಕ್ಲಾಸಿಗೆ ಬಂದರೂ ಓದಲು ತಡವರಿಸುವವರು ಇದ್ದೇ ಇರುತ್ತಾರೆ. ಅವರ ಕೈಗೆ ಎರಡನೇ ಕ್ಲಾಸಿನ ಮೊಲ-ಆಮೆ ಕಥೆ ಕೊಟ್ಟರೆ ಪಕ್ಕದವನು ನಕ್ಕಾನೆಂದು ಬಾಯೇ ಬಿಡುವುದಿಲ್ಲ. ಅವರದೇ ಕ್ಲಾಸಿನ ಗದ್ಯ ಕೊಟ್ಟರೆ ಮೂರನೇ ಸಾಲಿಗೆ ನಿಂತುಬಿಡುತ್ತಾರೆ. ವಿಷಯ ಹದಿನಾಲ್ಕು ವರ್ಷದವರಿಗೆ ತಕ್ಕದ್ದಿರಬೇಕು, ವಾಕ್ಯ ಮಾತ್ರ ಸುಲಭವಿರಬೇಕು. ಅಂಥ ಪಾಠ ಅಂಗಡಿಯಲ್ಲಿ ಸಿಗುವುದು ಕಷ್ಟ. ಚಾಟ್‌ಜಿಪಿಟಿ, ಜೆಮಿನಿಯಂಥ ಎಐ ನಿಜವಾಗಿ ಕೈಹಿಡಿಯುವುದು ಇಲ್ಲಿ: ಹಿಂದಿನ ಸಂಜೆ ಕೂತು ನಾಳೆಯ ಪಾಠ ಬರೆಸಿಕೊಳ್ಳುವುದಕ್ಕೆ. ಓದಿದ್ದನ್ನು ಕೇಳಿ ತಪ್ಪು ಹಿಡಿಯುವ ಕೆಲಸ ಮೇಷ್ಟ್ರ ಕಿವಿಯದೇ.

ಮೊದಲು ಎಲ್ಲಿ ಸಿಕ್ಕಿಕೊಳ್ಳುತ್ತಾರೆ ಎಂದು ನೋಡಿ. ಐದನೇ ಕ್ಲಾಸಿನ ಒಂದು ಪ್ಯಾರಾ, ಒಂದು ನಿಮಿಷ, ಕೈಯಲ್ಲಿ ಪೆನ್ಸಿಲ್. ಇಂಗ್ಲಿಷಿನವರ ಹಾಗೆ ನಿಮಿಷಕ್ಕೆ ಎಷ್ಟು ಪದ ಎಂದು ಎಣಿಸಿದರೆ ಲೆಕ್ಕ ಕೆಡುತ್ತದೆ. ‘ಬೆಳೆಗಾರರಿಗಿಂತಲೂ’ ನಮಗೆ ಒಂದೇ ಪದ, ಅದರಲ್ಲಿ ಎಂಟು ಅಕ್ಷರ. ಅದಕ್ಕೇ ಸರಿಯಾಗಿ ಓದಿದ ಅಕ್ಷರ ಎಣಿಸಿ, ಮುಂದಿನ ವಾರ ಅದೇ ಹುಡುಗನ ಲೆಕ್ಕಕ್ಕೆ ಹೋಲಿಸಿ. ದೀರ್ಘ ಬಿಟ್ಟರೆ ಒಂದು ಗುರುತು, ‘ಶಾಸ್ತ್ರ’ ‘ಶಾಸ್ತ’ ಆದರೆ ಇನ್ನೊಂದು, ಮೊದಲೆರಡು ಅಕ್ಷರ ನೋಡಿ ಮಿಕ್ಕದ್ದನ್ನು ಊಹಿಸಿದರೆ ಮತ್ತೊಂದು. ‘ಹಾಲು’ ‘ಆಲು’ ಆದರೆ ಬಿಟ್ಟುಬಿಡಿ, ಅದು ಊರಿನ ಮಾತು.

ಗಡಗಡ ಓದಿಯೂ ಅರ್ಥವಾಗದವರು ಬೇರೆ ಗುಂಪು. ನಮ್ಮ ಗಡಿ ತಾಲ್ಲೂಕುಗಳಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಕನ್ನಡದ ‘ಅವಸರ’ ಗಡಿಬಿಡಿ, ತೆಲುಗಿನ ‘ಅವಸರಂ’ ಅಗತ್ಯ. ‘ಅವಸರವಿಲ್ಲ’ ಎಂಬುದನ್ನು ‘ಬೇಕಾಗಿಲ್ಲ’ ಎಂದು ತಿಳಿದು ಮುಂದೆ ಹೋದ ಮಗುವಿನ ಓದಿನಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ. ಇಂಥ ಜೋಡಿಪದಗಳ ಪಟ್ಟಿಯನ್ನು ಎಐನಿಂದ ಮಾಡಿಸಬಹುದು. ಆದರೆ ಅದು ಕೊಡುವುದು ಪುಸ್ತಕದ ತೆಲುಗು. ಮಕ್ಕಳನ್ನೇ ಕೇಳಿ ತಿದ್ದಿಕೊಳ್ಳಿ.

ಎಐಗೆ ‘ಸುಲಭವಾಗಿ ಬರೆ’ ಎಂದಷ್ಟೇ ಹೇಳಿದರೆ ಸಪ್ಪೆ ನೀತಿಕಥೆ ಬರುತ್ತದೆ. ಕಟ್ಟುಪಾಡು ಹಾಕಬೇಕು: “ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ ಗೂಡು ಕಟ್ಟುವವರೆಗೆ ಏನಾಗುತ್ತದೆ, 100 ಪದಗಳಲ್ಲಿ ಬರೆ. ಓದುವವರಿಗೆ 14 ವರ್ಷ. ಒಂದು ವಾಕ್ಯದಲ್ಲಿ 7 ಪದ ಮೀರಬಾರದು. ಹಿಪ್ಪುನೇರಳೆ ಸೊಪ್ಪು, ಚಂದ್ರಿಕೆ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ), ಹಣ್ಣಾದ ಹುಳು (ಗೂಡು ಕಟ್ಟಲು ಸಿದ್ಧವಾದದ್ದು) ಇವು ತಲಾ ಮೂರು ಸಲ ಬರಲಿ. ಉಪದೇಶ ಬೇಡ. ಜ್ವರ ಎಂದರೆ ಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿ ಪೊರೆ ಕಳಚುವ ಸಮಯ.” ಆ ಕೊನೆಯ ವಾಕ್ಯ ಬಿಡಬೇಡಿ. ಬಿಟ್ಟರೆ ಅದು ಜ್ವರವನ್ನು ಕಾಯಿಲೆ ಎಂದುಕೊಂಡು ಹುಳುವಿಗೆ ಔಷಧಿ ಕೊಡಿಸಲೂಬಹುದು.

ಅಂಥ ತಪ್ಪು ಬಂದರೆ ಒಂದನ್ನು ಹಾಗೇ ಉಳಿಸಿ, ತಪ್ಪಿದೆ ಎಂದು ಹೇಳಿಯೇ ಹುಡುಕಲು ಬಿಡಿ. ಮನೆಯಲ್ಲಿ ಹುಳು ಮೇಯಿಸುವ ಹುಡುಗಿ ಕ್ಷಣದಲ್ಲಿ ಹಿಡಿಯುತ್ತಾಳೆ, ಹಿಡಿಯಬೇಕಾದರೆ ಎರಡು ಸಲ ಓದಲೇಬೇಕು. ಕೋಲಾರದ ಟೊಮೆಟೊ ಮಂಡಿಯ 15 ಕೆಜಿ ಬಾಕ್ಸಿನ ಲೆಕ್ಕವೂ ಇದಕ್ಕೆ ಒಳ್ಳೆಯ ವಿಷಯ. ಇತಿಹಾಸವಾದರೆ ಎಐ ನೆನಪನ್ನು ನಂಬಬೇಡಿ. ಕೆಜಿಎಫ್ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಬೇರೆ ವರ್ಷ ಬರೆದರೂ ಅದು ಅಷ್ಟೇ ಧೈರ್ಯದಿಂದ ಬರೆಯುತ್ತದೆ. ಸರಿಯಾದ ಪಠ್ಯ ನೀವೇ ಕೊಟ್ಟು, ಅದನ್ನಷ್ಟೇ ಸುಲಭ ಮಾಡಲು ಹೇಳಿ. ಹಳೆಯ ನುಡಿ ಫಾಂಟಿನ ಫೈಲಿನಿಂದ ನಕಲು ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಸ ಅಂಟುತ್ತದೆ, ಮೊದಲು ಯೂನಿಕೋಡಿಗೆ ಬದಲಿಸಬೇಕು. ಪುಟದ ಫೋಟೋ ತೆಗೆದು ಅಕ್ಷರ ಎತ್ತಿಸಿದರೆ ದ-ಧ, ಪ-ಫ-ಷ ಅದಲುಬದಲಾಗಿವೆಯೇ, ಅರ್ಕಾವೊತ್ತು ಉಳಿದಿದೆಯೇ ನೋಡಿ.

‘ಒತ್ತಕ್ಷರ ಬಳಸದೆ ಬರೆ’ ಎಂಬ ಅಪ್ಪಣೆ ಫಲಿಸುವುದು ಅಪರೂಪ. ಮತ್ತು, ಇಲ್ಲ, ಹೆಚ್ಚು ಎಲ್ಲಾ ನುಸುಳುತ್ತವೆ. ಪಠ್ಯ ಎಐ ಒಳಗೆ ಹೋಗುವುದು ತುಂಡುತುಂಡಾಗಿ, ಆ ತುಂಡು ನಮ್ಮ ಅಕ್ಷರಕ್ಕೆ ಹೊಂದುವುದಿಲ್ಲ. ಸಂಧಿ ಬಿಡಿಸುವುದರಲ್ಲೂ ಎಡವುತ್ತದೆ. ‘ಮಳೆಗಾಲ’ ಮಳೆ, ಕಾಲ ಸೇರಿದ ಆದೇಶ ಸಂಧಿ ಎಂಬುದನ್ನು ಹಲಗೆ ಮೇಲೆ ನೀವೇ ಬರೆಯುವುದು ಬೇಗ.

ಮಕ್ಕಳಿಂದ ಫೋನಿಗೆ ಓದಿಸಿ, ಅದು ಬರೆದದ್ದನ್ನು ನೋಡಿ ತಪ್ಪು ಎಣಿಸಬಹುದಲ್ಲ ಎನ್ನಿಸಬಹುದು. ಬೇಡ. ಮಾತನ್ನು ಬರಹ ಮಾಡುವ ತಂತ್ರಾಂಶ, ಇಂಥ ಕಡೆ ಇಂಥ ಪದವೇ ಬರಬೇಕೆಂದು ಅಂದಾಜಿಸಿ ಬರೆಯುತ್ತದೆ. ಹುಡುಗ ‘ಅದ್ಯಯನ’ ಎಂದರೂ ಪರದೆ ಮೇಲೆ ‘ಅಧ್ಯಯನ’ ಮೂಡುತ್ತದೆ, ತಪ್ಪು ಅಲ್ಲೇ ಮುಚ್ಚಿಹೋಗುತ್ತದೆ. ಮಕ್ಕಳ ದನಿ, ಹೆಸರು ಅದಕ್ಕೆ ಕೊಡಲೇಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು.

ವಾರಕ್ಕೆ ನಾಲ್ಕು ದಿನ, ದಿನಕ್ಕೆ 20 ನಿಮಿಷ ಸಾಕು. ಮೊದಲ ದಿನ ಆರು ಉದ್ದ ಪದ ಹಲಗೆ ಮೇಲೆ, ಗೆರೆ ಎಳೆದು ಕತ್ತರಿಸಿ: ಬೆಳೆ, ಗಾರ, ರಿಗಿಂತ, ಲೂ. ನೀವು ಪಾಠ ಓದುವಾಗ ಅವರ ಬೆರಳು ಸಾಲಿನ ಮೇಲೆ. ಎರಡನೇ ದಿನ ಜೋಡಿಯಲ್ಲಿ ಒಬ್ಬೊಬ್ಬರು ಮೂರು ಸಲ ಓದಲಿ. ಮೂರನೆಯ ದಿನ ಪ್ರಶ್ನೆ, ತಪ್ಪು ಹುಡುಕಾಟ. ನಾಲ್ಕನೆಯ ದಿನ ಪಠ್ಯಪುಸ್ತಕದ್ದೇ ಒಂದು ಪ್ಯಾರಾ, ಎಷ್ಟೇ ತಡವರಿಸಲಿ. ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆ ಏಳು ಪದದ ವಾಕ್ಯದಲ್ಲಿ ಬರುವುದಿಲ್ಲ. ಮೂರು-ನಾಲ್ಕು ವಾರಕ್ಕೊಮ್ಮೆ ಮಿತಿಯನ್ನು ಏಳರಿಂದ ಹತ್ತಕ್ಕೆ, ಹತ್ತರಿಂದ ಹದಿನಾಲ್ಕಕ್ಕೆ ಏರಿಸಿ.

ಪ್ರಿಂಟ್ ತೆಗೆಯುವಾಗ ಅಕ್ಷರ 16 ಪಾಯಿಂಟ್, ಸಾಲಿನ ಅಂತರ ಒಂದೂವರೆ. ಕನ್ನಡದ ಒತ್ತು ಸಾಲಿನ ಕೆಳಗೆ ಕೂರುತ್ತದೆ, ಅಂತರ ಬಿಗಿಯಾದರೆ ಕೆಳಸಾಲಿನ ತಲೆಕಟ್ಟಿಗೆ ತಾಗಿ ಎರಡೂ ಕಾಣದಾಗುತ್ತವೆ. ಇಬ್ಬರಿಗೆ ಒಂದು ಹಾಳೆ ಸಾಕು.